ಅಕ್ಕನ ಕಿಡ್ನಿ, ಅಕ್ಕನ ಕಷಾಯ

ಹಾರನಹಳ್ಳಿ
21 ಜನವರಿ 2024

ಪ್ರೀತಿಯ ತಮ್ಮ ಶಶಿಗೆ,

ಕಾಗದ ನೋಡಿ ಗಾಬರಿ ಬೀಳ್ಬೇಡ ಕಣ್ಲಾ, ಯಾರಿಗೂ ಏನೂ ಆಗಿಲ್ಲ. ನನ್ನ ಫೋನು ನಿಮ್ಮ ಬಾವನ ಜೇಬಲ್ಲೈತೆ, ಅಷ್ಟೆ. ಆಪರೇಷನ್ನಿಗೆ ಸಹಿ ಹಾಕ್ದೋರೂ ಅವರೇ, ಈಗ "ತವರಿಗೆ ಅರ್ಧ ಮೈ ಕೊಟ್ಟು ಬಂದವಳು" ಅಂತ ಮುನಿಸ್ಕೊಂಡಿರೋರೂ ಅವರೇ. ನಿನ್ ಜೊತೆ ಮಾತಾಡ್ಕೂಡ್ದಂತೆ. ಇರ್ಲಿ ಬುಡು, ಮುನಿಸು ಎಷ್ಟು ದಿನ ಇದ್ದಾತು. ನೀನು ಅಂಗನವಾಡಿ ವಿಳಾಸಕ್ಕೆ ಬರಿ. ಪೋಸ್ಟ್‌ಮನ್ ಚಾಮಯ್ಯ ನನ್ನ ಕೈಗೇ ಕೊಡ್ತಾರೆ. ಮಕ್ಕಳಿಗೆ ಉಪ್ಪಿಟ್ಟು ಹಾಕಿ ಮಲಗಿಸಿದ ಮೇಲೆ ನಂಗೂ ಪುರುಸೊತ್ತು ಸಿಕ್ತದೆ.

ನನ್ನ ಕಿಡ್ನಿ ಎಂಗೈತೆ? ಚೆನ್ನಾಗಿ ಕೆಲ್ಸ ಮಾಡ್ತಾ ಐತಾ? ನಗ್ಬೇಡ. ಅವತ್ತು ಆಸ್ಪತ್ರೇಲಿ ನಿನ್ನ ಮಂಚದ ಕೆಳಗೆ ಉಚ್ಚೆ ಚೀಲ ತುಂಬಿದ್ದು ನೋಡಿ ನಾನು ಪಟ್ಟ ಸಂತೋಷ ನನ್ನ ಮದುವೆ ದಿನಾನೂ ಪಟ್ಟಿರ್ಲಿಲ್ಲ. ಹೊಟ್ಟೆ ಪಕ್ಕದ ಹೊಲಿಗೆ ಎಳೆದಾಗೆಲ್ಲ ಆ ಚೀಲಾನೇ ನೆನಸ್ಕತೀನಿ.

ಮೈಸೂರು ಬಸ್ಸಿನ ಕಂಡಕ್ಟ್ರು ಲಿಂಗಯ್ಯನ ಕೈಲಿ ಒಂದು ಡಬ್ಬಿ ಕಳ್ಸಿದೀನಿ, ಬಿಳಿಕೆರೇಲಿ ನಿನ್ನ ಗ್ಯಾರೇಜ್ ಮುಂದೇ ಇಳಿಸ್ತಾನೆ. ಅಮೃತಬಳ್ಳಿ ಪುಡಿ. ನಮ್ಮ ಅಂಗನವಾಡಿ ಬೇಲಿ ಮೇಲೆ ಹಬ್ಬೈತಲ್ಲ, ಅದೇ. ನಾನೇ ಕತ್ತರಿಸಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದಿದ್ದು. ಕೊರೋನಾ ಟೈಮಲ್ಲಿ ಬೀದಿಗೆಲ್ಲ ಕಾಯಿಸಿ ಕೊಟ್ಟಿದ್ದು ಇದನ್ನೇ. ನಮ್ಮ ಬೀದೀಲಿ ಒಬ್ರ ಜೀವಾನೂ ಓಗ್ಲಿಲ್ಲ. ರೋಗ ನಿರೋಧಕ ಶಕ್ತಿ ಅಂತಾರಲ್ಲ, ಅದು ಇದ್ರಿಂದ ಬತ್ತದೆ. ನೀನು ಒಂದೇ ಕಿಡ್ನಿ ಇಟ್ಕೊಂಡು ಓಡಾಡೋನು, ನಿಂಗೆ ಬೇಡ್ವಾ? ದಿನಾ ಬೆಳಿಗ್ಗೆ ಒಂದು ಲೋಟ. ಕಹಿ ಅಂತ ನಿನ್ನ ಹೆಂಡ್ತಿ ಪವಿತ್ರಾ ಕೈಲಿ ಚರಂಡಿಗೆ ಸುರಿಸಿದ್ರೆ ನೋಡು. ನನ್ನಾಣೆ ಐತೆ, ಒಂದು ದಿನಾನೂ ತಪ್ಪಿಸ್ಕೂಡ್ದು.

ಚಿನ್ನುಗೆ ಈ ಅತ್ತೆಯ ಮುತ್ತು.

ನಿನ್ನ ಅಕ್ಕ
ಸಣ್ಣತಾಯಿ


ಬಿಳಿಕೆರೆ
6 ಫೆಬ್ರವರಿ 2024

ಅಕ್ಕಾ,

ಡಬ್ಬಿ ಬಂತು. ಅದೇನು ಕಹಿನೇ ಮಾರಾಯ್ತಿ! ಮೊದಲನೇ ದಿನ ಕುಡಿದು ಮುಖ ಕಿವುಚಿಕೊಂಡು ಕೂತಿದ್ರೆ ಚಿನ್ನು ಮೊಬೈಲಲ್ಲಿ ಫೋಟೋ ತೆಗೆದು ನಕ್ಕಿದ್ದೇ ನಕ್ಕಿದ್ದು. ಆದ್ರೆ ನೀನು ಆಣೆ ಇಟ್ಟಿದ್ದೀಯಲ್ಲ, ತಪ್ಪಿಸೋ ಹಂಗಿಲ್ಲ. ಪವಿತ್ರಾನೇ ಕಾಯಿಸಿ ಕೊಡ್ತಾಳೆ. ಗೊಣಗ್ತಾಳೆ, ಕೊಡ್ತಾಳೆ.

ಕಿಡ್ನಿ ಚೆನ್ನಾಗಿದೆ. ಹೋದ ವಾರ ಮೈಸೂರಿಗೆ ಹೋಗಿದ್ದಾಗ ಡಾಕ್ಟ್ರು ರಿಪೋರ್ಟ್ ನೋಡಿ "ನಿಮ್ಮಕ್ಕಂಗೆ ಒಂದು ಸೀರೆ ಕೊಡ್ಸಪ್ಪ" ಅಂದ್ರು. ಗೌರಿ ಹಬ್ಬಕ್ಕೆ ನಾನೇ ಬಾಗಿನ ತರ್ತೀನಿ, ಬಾವ ಬೈದ್ರೂ ಸರಿ, ಬಾಗಿಲು ಹಾಕಿದ್ರೂ ಸರಿ.

ಅವತ್ತು ಡಾಕ್ಟ್ರನ್ನ ಒಂದು ಪ್ರಶ್ನೆ ಕೇಳ್ದೆ. ಇಷ್ಟೊಂದು ಮಾತ್ರೆ ಯಾಕೆ, ಜೀವ ಇರೋವರೆಗೂ ಯಾಕೆ ಅಂತ. ಅವರು ಹೇಳಿದ್ದು ನಂಗೆ ಹೊಗೆಸೊಪ್ಪಿನ ಲೆಕ್ಕದಲ್ಲಿ ಅರ್ಥ ಆಯ್ತು. ಹರಾಜು ಮಾರ್ಕೆಟ್ಟಲ್ಲಿ ಪ್ರತಿ ಸೊಪ್ಪಿನ ಮೂಟೆಗೂ ಬೆಳೆದೋನ ನಂಬರ್ ಚೀಟಿ ಇರುತ್ತಲ್ಲ, ಹಂಗೆ ನಮ್ಮ ಮೈಯ ಪ್ರತಿ ಕಣದ ಮೇಲೂ ಒಂದು ಗುರುತು ಇರುತ್ತಂತೆ. ರಕ್ತದಲ್ಲಿ ಬಿಳಿ ಕಣಗಳು ಸುತ್ತುತಾನೇ ಇರ್ತವೆ, ಸಿಕ್ಕಿದ್ದರ ಗುರುತೆಲ್ಲ ಮುಟ್ಟಿ ನೋಡ್ತಾನೇ ಇರ್ತವೆ. ನಮ್ಮದಾದ್ರೆ ಬಿಡ್ತವೆ. ಬೇರೆ ಗುರುತು ಕಂಡ್ರೆ, ಅದಕ್ಕೆ ಆಂಟಿಜೆನ್ ಅಂತಾರಂತೆ, ಉಳಿದೋವನ್ನೂ ಕರ್ಕೊಂಡು ಬಂದು ಹೊಡಿತವೆ. ಅದು ಕಾಯಿಲೆಯ ಹುಳಾನೋ, ಜೀವ ಉಳಿಸೋಕೆ ಬಂದ ಕಿಡ್ನೀನೋ ಅನ್ನೋದು ಅವಕ್ಕೆ ತಿಳಿಯಲ್ಲ. ನಿನ್ನ ಗುರುತು ನನ್ನದಕ್ಕೆ ಅರ್ಧ ಹೊಂದುತ್ತೆ. ಇನ್ನರ್ಧ ಹೊರಗಿನದು. ಅದು ಕಣ್ಣಿಗೆ ಬೀಳದ ಹಂಗೆ ಆ ಬಿಳಿ ಕಣಗಳಿಗೆ ಬೆಳಿಗ್ಗೆ ಸಂಜೆ ತೂಕಡಿಕೆ ಬರಿಸೋದೇ ಈ ಮಾತ್ರೆ ಕೆಲ್ಸ.

"ಬೇರೆ ಔಷಧಿ ಏನಾದ್ರೂ ತಗೋತಿದ್ದೀಯಾ?" ಅಂತ ಪ್ರತಿ ಸಲಾನೂ ಕೇಳ್ತಾರೆ. ಇಲ್ಲ ಸಾರ್ ಅಂದೆ.

ನಿನ್ನ ಹೊಲಿಗೆ ನೋವು ಹೆಂಗಿದೆ? ನೀರಿನ ಕೊಡ ಎತ್ತಬೇಡ.

ನಿನ್ನ ತಮ್ಮ
ಶಶಿ


ಹಾರನಹಳ್ಳಿ
22 ಮಾರ್ಚ್ 2024

ಶಶಿ,

ನಿನ್ನ ಕಾಗದ ಓದಿ ಖುಷಿ ಆಯ್ತು, ಒಂದು ಮಾತಿಗೆ ಮಾತ್ರ ಒಟ್ಟೆ ಉರೀತು. "ಇನ್ನರ್ಧ ಹೊರಗಿನದು" ಅಂತ ಅದೆಂಗ್ಲಾ ಬರೆದೆ? ಒಂದೇ ಒಟ್ಟೇಲಿ ಉಟ್ಟಿಲ್ವಾ ನಾವು? ಅವ್ವ ಹೊಗೆಸೊಪ್ಪು ಮುರಿಯೋಕೆ ಓದ್ರೆ ನಿನ್ನ ಸೊಂಟದ ಮೇಲೆ ಹೊತ್ಕೊಂಡು ತಿರುಗಿದ್ದು ಯಾರು? ನಮ್ಮತ್ತೆ ನನ್ನ ಹೊರಗಿನೋಳು ಅಂತಾಳೆ. ನಿನ್ನ ಮೈಯೂ ಅಂಗೇ ಅಂದ್ರೆ ನಾನೆಲ್ಲಿಗೋಗ್ಲಿ?

ನಿನ್ನೆ ಗುರುವಾರ ಚುಚ್ಚುಮದ್ದಿನ ದಿನ. ನರ್ಸು ಶೃತಿ ಬಂದಿದ್ರು. ಮಕ್ಕಳ ತೊಡೆ ಹಿಡ್ಕೊಳ್ಳೋದು ನನ್ನ ಕೆಲ್ಸ. ಒಂದು ಮಗೂನ ತಾಯಿ, ಹುಷಾರಾಗಿರೋ ಮಗೂಗೆ ಯಾಕಮ್ಮ ಸೂಜಿ ಅಂತ ಜಗಳ ತೆಗೆದ್ಲು. ಅದಕ್ಕೆ ಶೃತಿ ಹೇಳಿದ್ರು: ಈ ಮದ್ದಲ್ಲಿ ಕೈಲಾಗದ ರೋಗದ ಹುಳ ಇರ್ತದೆ, ಮೈಗೆ ಅದರ ಮುಖ ತೋರಿಸೋದು, ಅಷ್ಟೆ. ಮೈ ಅದಕ್ಕೆ ಸರಿಯಾಗಿ ಹಿಡಿಯೋ ಆಯುಧ ಮಾಡ್ಕತದೆ. ಆಯುಧ ಮಾಡಿದ ಕಣಗಳಲ್ಲಿ ಒಂದಷ್ಟು ಸಾಯಲ್ಲ, ವರ್ಷಗಟ್ಲೆ ಆ ಮುಖ ನೆನಪಿಟ್ಕೊಂಡು ಕಾಯ್ತವೆ, ಮತ್ತೆ ಬಂದ್ರೆ ಉಳಿಯೋಕೆ ಬುಡಲ್ಲ ಅಂತ. ಎಷ್ಟು ಚೆನ್ನಾಗಿ ಹೇಳಿದ್ರು ಗೊತ್ತಾ! ಅಂಗಾದ್ರೆ ನಿನ್ನ ಮೈ ಉಟ್ಟಿದಾಗಿಂದ ನನ್ನ ಮುಖ ನೋಡಿಲ್ವೇನ್ಲಾ?

ನಿನ್ನ ವಿಷ್ಯ ಕೇಳಾನ ಅಂದ್ಕೊಂಡೆ. ಊರಲ್ಲಿ ಮತ್ತೆ ಗುಲ್ಲಾಗ್ತದೆ, ನಿಮ್ಮ ಬಾವನ ಕಿವಿಗೆ ಬೀಳ್ತದೆ ಅಂತ ಬಾಯ್ಮುಚ್ಕೊಂಡೆ. ಆದ್ರೆ ನಂಗೊಂದು ಒಳೀತು. ಮಾತ್ರೆ ನಿನ್ನ ಶಕ್ತೀನ ತಗ್ಗಿಸ್ತದೆ ಅಂತ ನೀನೇ ಬರ್ದಿದೀಯ. ತಗ್ಗಿಸಿದ್ದನ್ನ ಯಾರಾದ್ರೂ ಏರಿಸ್ಬೇಕಲ್ಲ? ಇಲ್ದಿದ್ರೆ ಸಣ್ಣ ಜ್ವರಕ್ಕೂ ನೀನು ಮಲಗ್ಬುಡ್ತೀಯ. ಇನ್ಮೇಲೆ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ದೊಡ್ಡ ಡಬ್ಬಿ ಕಳ್ಸಿದೀನಿ. ಅದೇ ಆಣೆ ಕಣ್ಲಾ.

ನಾನು ಗುಂಡುಕಲ್ಲಂಗೆ ಇದೀನಿ. ಮನೇಲೂ ಎಲ್ಲ ಸರಿಯಾಗೈತೆ.

ಸಣ್ಣತಾಯಿ


ಬಿಳಿಕೆರೆ
2 ಜೂನ್ 2024

ಅಕ್ಕಾ,

ಬರೆಯೋದು ತಡ ಆಯ್ತು. ಗ್ಯಾರೇಜಲ್ಲಿ ಕೆಲ್ಸ ಜಾಸ್ತಿ. ಅಕ್ಷರ ಸೊಟ್ಟಗಿದ್ರೆ ಬೈಬೇಡ, ಕೈಗೆ ಸ್ಪ್ಯಾನರ್ ಬಡಿದು ಊದ್ಕೊಂಡಿದೆ.

ನಾನು ಚೆನ್ನಾಗಿದ್ದೀನಿ. ಡಬ್ಬಿ ಕಳಿಸೋದು ಬೇಡ ಇನ್ನು. ಇಲ್ಲೇ ಕೆರೆ ಏರಿ ಮೇಲೆ ಬಳ್ಳಿ ಸಿಕ್ತದೆ. ನೀನು ಬಿಸಿಲಲ್ಲಿ ಕೂತು ಕುಟ್ಟೋದು ಬೇಡ.

ಅಕ್ಕಾ, ನೀನು ಚೆಕಪ್‌ಗೆ ಹೋಗ್ತಿದ್ದೀಯಾ? ಉಳಿದಿರೋ ಆ ಒಂದನ್ನ ಜೋಪಾನ ಮಾಡ್ಕೋ. ದಯವಿಟ್ಟು.

ಶಶಿ


ಹಾರನಹಳ್ಳಿ
10 ಜುಲೈ 2024

ಶಶಿ,

ಇಷ್ಟುದ್ದ ಕಾಗದ ಬರೀತಿದ್ದೋನು ಇಷ್ಟೇ ಇಷ್ಟು ಬರ್ದಿದೀಯ. ಓದಿ ಮುಗಿಸೋಕೆ ಉಪ್ಪಿಟ್ಟು ತಳ ಹಿಡಿಯೋಷ್ಟೂ ಹೊತ್ತು ಬೇಕಾಗ್ಲಿಲ್ಲ. ಅಷ್ಟು ಕೆಲ್ಸ ಬಂತಾ ಗ್ಯಾರೇಜಿಗೆ?

ಡಬ್ಬಿ ಬೇಡ ಅಂದೋರು ಯಾರು, ನೀನಾ ಪವಿತ್ರಾನಾ? ನಂಗೊತ್ತು ಬುಡು. ಅತ್ತಿಗೆ ಕೈಯ ಕಷಾಯ ಗಂಡನ ಒಟ್ಟೆಗೆ ಓದ್ರೆ ಅವಳಿಗ್ಯಾಕೋ ಸಂಕಟ. ನನ್ನ ಕಿಡ್ನಿ ಬೇಕು, ಕಷಾಯ ಬೇಡ್ವಂತಾ? ಕೆರೆ ಏರಿ ಮೇಲಿನ ಬಳ್ಳಿ ಎಂಥದೋ ಏನೋ, ಅದರ ಮೇಲೆ ಲಾರಿ ಹೊಗೆ ಬಿದ್ದಿರ್ತದೆ. ಮತ್ತೊಂದು ಡಬ್ಬಿ ಕಳ್ಸಿದೀನಿ. ಕುಡೀತಿದೀಯ ಅಂತ ಬರಿ, ನಂಗೆ ನೆಮ್ಮದಿ ಆಗ್ಲಿ.

ಸೊಪ್ಪು ಮುರಿಯೋ ಕಾಲ ಬಂತು. ಈ ವರ್ಷ ನಾನು ಹೊಲಕ್ಕೆ ಓಗ್ತಿಲ್ಲ. ಅಂಗನವಾಡೀಲೇ ಜಾಸ್ತಿ ಇರ್ತೀನಿ. ಅಲ್ಲೇ ನೆಮ್ಮದಿ.

ಗೌರಿ ಹಬ್ಬಕ್ಕೆ ದಿನ ಎಣಿಸ್ತಾ ಕೂತೀನಿ ಕಣ್ಲಾ. ನೀನು ಬಾಗಿನ ಹಿಡ್ಕೊಂಡು ನಮ್ಮ ಬೀದೀಲಿ ನಡ್ಕೊಂಡು ಬರ್ಬೇಕು. ನನ್ನ ತಮ್ಮ ನೆಟ್ಟಗೆ ನಡೆಯೋದನ್ನ ಇವರೆಲ್ಲ ನೋಡ್ಬೇಕು. ನಿಮ್ಮ ಬಾವ, ಅತ್ತೆ ಎಲ್ರೂ ನೋಡ್ಬೇಕು. ಸುಮ್ನೆ ಕೊಟ್ಟು ಬರ್ಲಿಲ್ಲ ಇವಳು ಅಂತ ಅವರಿಗೆ ಗೊತ್ತಾಗ್ಬೇಕು. ನಂಗೆ ಬೇರೇನೂ ಬೇಡ.

ಅಕ್ಕ


ಬಿಳಿಕೆರೆ
3 ಸೆಪ್ಟೆಂಬರ್ 2024

ಅಕ್ಕಾ,

ಬಾಗಿನ ಲಿಂಗಯ್ಯನ ಕೈಲಿ ಕಳಿಸ್ತಾ ಇದ್ದೀನಿ. ಮೊರ ಹುಣಸೂರು ಸಂತೇಲಿ ನಾನೇ ಆರಿಸಿದ್ದು. ಸೀರೆ ಹಸಿರು, ನಿಂಗಿಷ್ಟ ಅಂತ. ಬಳೆ ಅಳತೆ ಚಿನ್ನು ಹೇಳಿದ್ಲು, ಅತ್ತೆ ಕೈ ನನ್ನ ಕೈ ಥರಾನೇ ಸಣ್ಣ ಅಂತ.

ಈ ಸಲ ನಂಗೆ ಬರೋಕೆ ಆಗ್ತಿಲ್ಲ. ಹಬ್ಬದ ದಿನಾನೇ ಹುಣಸೂರಲ್ಲಿ ಒಂದು ಕೆಲ್ಸ ಬಿದ್ದಿದೆ, ತಪ್ಪಿಸೋ ಹಾಗಿಲ್ಲ. ಬೇಜಾರು ಮಾಡ್ಕೋಬೇಡ. ಪವಿತ್ರಾನ ಬೈಬೇಡ ಅಕ್ಕಾ, ಅವಳದೇನೂ ತಪ್ಪಿಲ್ಲ.

ಕಷಾಯ ಕುಡೀತಿದ್ದೀನಿ.

ಶಶಿ


ಹಾರನಹಳ್ಳಿ
9 ಸೆಪ್ಟೆಂಬರ್ 2024

ಶಶಿಕುಮಾರನಿಗೆ,

ಬಾಗಿನಾನ ಬಸ್ ಕಂಡಕ್ಟ್ರು ಕೈಲಿ ಕಳ್ಸೋದು ಯಾವ ಊರಿನ ಪದ್ಧತಿ? ಹಬ್ಬದ ದಿನ ಅರಿಶಿನ ಹಚ್ಕೊಂಡು, ತಲೆ ತುಂಬಾ ಹೂ ಮುಡ್ಕೊಂಡು ಬಾಗಿಲಲ್ಲೇ ನಿಂತಿದ್ದೆ ಕಣೋ. ಮೈಸೂರು ಕಡೆ ಬಸ್ಸೆಲ್ಲ ಬಂದ್ವು. ಲಿಂಗಯ್ಯ ಮೊರ ಇಳಿಸಿದಾಗ ನಮ್ಮತ್ತೆ ಜಗಲಿ ಮೇಲಿಂದಾನೇ "ಕೊಟ್ಟಿದ್ದು ತಗೊಂಡ ಮೇಲೆ ಮುಖ ಯಾಕೆ ತೋರಿಸ್ತಾನೆ?" ಅಂದ್ಲು. ಬೀದಿಗೆ ಬೀದಿಯೇ ಕೇಳಿಸ್ಕೊಂತು. ಹಬ್ಬದ ದಿನಾನೇ ಬೈಕ್ ರಿಪೇರಿ ಇತ್ತಾ ನಿಂಗೆ?

ಇಷ್ಟು ದಿನ ಬರೀಬಾರ್ದು ಅಂತಿದ್ದೆ, ಈಗ ಬರೀತೀನಿ. ಯುಗಾದಿಯಿಂದ ನಂಗೆ ಇವರ ಮನೇಲಿ ಒಲೆ ಬೇರೆ. ಹಿಂದಿನ ಕೊಟ್ಟಿಗೆ ಪಕ್ಕ ಒಂದು ಸೌದೆ ಕೋಣೆ ಐತಲ್ಲ, ಅಲ್ಲಿ ಬೇಯಿಸ್ಕೊಂಡು ತಿಂತೀನಿ. ಸೊಪ್ಪಿನ ಹೊರೆ ಎತ್ತೋಕಾಗ್ದ ಹೆಂಗ್ಸು ಯಾವ ಕೆಲ್ಸಕ್ಕೆ ಅಂತ ನಿಮ್ಮ ಬಾವ ಮಾತು ಬಿಟ್ಟವ್ರೆ. ಅಂಗನವಾಡಿ ಇಲ್ದಿದ್ರೆ ನಾನು ಯಾವತ್ತೋ ಕೆರೆ ದಾರಿ ಹಿಡೀತಿದ್ದೆ. ನನ್ನ ತಮ್ಮ ಗಟ್ಟಿಯಾಗವ್ನೆ, ಅದೊಂದು ಸಾಕು ಅಂತ ಎಲ್ಲಾನೂ ನುಂಗ್ಕೊಂಡಿದ್ದೆ.

ಮೊರದ ದಾರಾನೂ ಬಿಚ್ಚಿಲ್ಲ. ಅಂಗೇ ಲಿಂಗಯ್ಯನ ಕೈಲಿ ವಾಪಸ್ಸು ಕಳ್ಸಿದೀನಿ. ನಿನ್ನ ಹೆಂಡ್ತಿಗೇ ಉಡ್ಸು ಆ ಹಸಿರು ಸೀರೇನ.

ಸಣ್ಣತಾಯಮ್ಮ


ಹಾರನಹಳ್ಳಿ
21 ನವೆಂಬರ್ 2024

ಶಶಿ,

ನೀನು ಉತ್ರ ಬರೀಲಿಲ್ಲ. ನಾನೂ ಹಟ ಹಿಡ್ಕೊಂಡು ಕೂತಿದ್ದೆ. ಈಗ ಆ ಹಟ ಬಿಟ್ಟು ಬರೀತಿದೀನಿ.

ಮೊನ್ನೆ ಪಿರಿಯಾಪಟ್ಟಣದಲ್ಲಿ ನಮಗೆ ಟ್ರೈನಿಂಗ್ ಇತ್ತು. ಲಸಿಕೆ ವಿಷ್ಯಕ್ಕೆ ಒಬ್ರು ಡಾಕ್ಟ್ರಮ್ಮ ಬಂದಿದ್ರು. ಮನೆಮದ್ದಿನ ಮಾತು ಬಂತು. ನಾನೇ ಜಂಬದಿಂದ ಎದ್ದು ನಿಂತು ನಮ್ಮ ಬೇಲಿ ಅಮೃತಬಳ್ಳಿ ವಿಷ್ಯ ಹೇಳ್ದೆ. ಆಯಮ್ಮ ಕೇಳಿಸ್ಕೊಂಡು ಹೇಳಿದ್ರು: ಎಲ್ರಿಗೂ ಎಲ್ಲಾನೂ ಕೊಡ್ಬೇಡಿ. ಕಿಡ್ನಿ ಹಾಕಿಸ್ಕೊಂಡೋರಿಗಂತೂ ಇಂಥಾ ಕಷಾಯ ಕೂಡ್ದು. ಡಾಕ್ಟ್ರು ಕಷ್ಟಪಟ್ಟು ಮಲಗಿಸಿರೋ ಕಣಗಳನ್ನ ಅದು ಎಬ್ಬಿಸ್ಬುಡ್ಬಹುದು, ಎದ್ದವು ಹೊಸ ಕಿಡ್ನಿ ಮೇಲೇ ಬೀಳ್ತವೆ ಅಂತ. ಅಷ್ಟೇ ಕಣೋ ನಂಗೆ ಕೇಳಿಸಿದ್ದು. ಆಮೇಲೆ ಏನು ಹೇಳಿದ್ರೋ, ಊಟಕ್ಕೆ ಏನು ಬಡಿಸಿದ್ರೋ ನಂಗೊತ್ತಿಲ್ಲ.

ಬಸ್ ಸ್ಟ್ಯಾಂಡಲ್ಲಿ ಲಿಂಗಯ್ಯನ ಹಿಡ್ಕೊಂಡೆ. ನಿನ್ನ ಸುದ್ದಿ ಕೇಳಿದ್ರೆ ಬಾಯಿ ಬಿಡ್ಲಿಲ್ಲ. ಅವನ ಕಾಲಿಗೆ ಬೀಳೋಕೆ ಓದೆ, ಆವಾಗ ಹೇಳ್ದ. ಅವನ ಬಸ್ಸು ವಾಪಸ್ ಬರೋವಾಗ ಮಂಗಳವಾರ ಶುಕ್ರವಾರ ಬಿಳಿಕೆರೇಲಿ ಹತ್ತಿ ಹುಣಸೂರು ಆಸ್ಪತ್ರೆ ಹತ್ರ ಇಳೀತೀಯಂತೆ. ಎಡಗೈಲಿ ಡಯಾಲಿಸಿಸ್ ಸೂಜಿ ಚುಚ್ಚೋ ನರ ಹಗ್ಗದಂಗೆ ಉಬ್ಬೈತಂತೆ. ಮುಖ ಕಪ್ಪಾಗೈತಂತೆ. "ಅಕ್ಕಂಗೆ ಹೇಳ್ಬೇಡ" ಅಂದಿದ್ಯಂತೆ. ಗೌರಿ ಹಬ್ಬ ಶುಕ್ರವಾರ ಬಿದ್ದಿತ್ತು ಅಲ್ವಾ ಶಶಿ?

ಮತ್ತೆ ಡಯಾಲಿಸಿಸ್‌ಗೆ ಓಗ್ತಿದೀಯ ನೀನು. ನನ್ನ ಕಿಡ್ನಿ ಏನಾಯ್ತು? ನನ್ನ ಕಷಾಯಾನಾ? ನಾನಾ?

ಸುಳ್ಳು ಬರೀಬೇಡ. ಸಮಾಧಾನ ಹೇಳ್ಬೇಡ. ನನ್ನಾಣೆ ಐತೆ, ಇದ್ದದ್ದು ಇದ್ದಂಗೆ ಬರಿ.

ಅಕ್ಕ


ಬಿಳಿಕೆರೆ
3 ಡಿಸೆಂಬರ್ 2024

ಅಕ್ಕಾ,

ಆಣೆ ಇಡಬಾರದಿತ್ತು ನೀನು. ಇಟ್ಟಾಯ್ತು, ಬರೀತೀನಿ.

ಮೇ ತಿಂಗಳಲ್ಲಿ ಕಾಲು ಊದ್ಕೊಂಡಿತು, ಜ್ವರ ಬಂತು, ಕಿಡ್ನಿ ಇರೋ ಜಾಗ ಮುಟ್ಟೋಕೆ ಆಗ್ತಿರಲಿಲ್ಲ. ಜೂನಲ್ಲಿ ನಿಂಗೆ ಬರೆದ ಕಾಗದ ಮೈಸೂರು ಆಸ್ಪತ್ರೆ ಮಂಚದ ಮೇಲಿಂದ ಬರೆದಿದ್ದು. ಸ್ಪ್ಯಾನರ್ ಅಲ್ಲ, ಡ್ರಿಪ್ ಸೂಜಿ. ಕಿಡ್ನಿಯದೊಂದು ಚೂರು ತೆಗೆದು ಪರೀಕ್ಷೆ ಮಾಡಿ, ಮೈ ಅದರ ಗುರುತು ಹಿಡಿದಿದೆ ಅಂದ್ರು. ಏನೇನೋ ಇಂಜೆಕ್ಷನ್ ಕೊಟ್ರು. ಉಳಿಯಲಿಲ್ಲ. ಆಗಸ್ಟಿಂದ ಡಯಾಲಿಸಿಸ್.

ಡಾಕ್ಟ್ರು ತಲೆ ಕೆಡಿಸ್ಕೊಂಡಿದ್ರು. ಮಾತ್ರೆ ಒಂದೂ ತಪ್ಪಿಲ್ಲ, ರಕ್ತದಲ್ಲಿ ಮದ್ದು ಸಾಕಷ್ಟಿದೆ, ಆದ್ರೂ ಯಾಕೆ ಅಂತ. ಬೇರೆ ಏನಾದ್ರೂ ತಗೊಂಡ್ಯಾ ಅಂತ ಮತ್ತೆ ಕೇಳಿದ್ರು. ಇಲ್ಲ ಅಂತಾನೇ ಅಂದೆ ಅಕ್ಕಾ. ಸುಳ್ಳು ಹೇಳ್ಬೇಕು ಅಂತಲ್ಲ. ಔಷಧಿ ಅಂದ್ರೆ ಅಂಗಡೀಲಿ ಚೀಟಿ ಕೊಟ್ಟು ತರೋದು. ನಿನ್ನ ಕಷಾಯ ಮನೇದು, ಅಕ್ಕ ಕಳಿಸಿದ್ದು, ಅದನ್ನ ಯಾರಾದ್ರೂ ಔಷಧಿ ಅಂತಾರಾ? ಪವಿತ್ರಾಗೇ ಏನೋ ಹೊಳೆದು ಮಾರನೇ ದಿನ ಡಬ್ಬಿ ತಂದು ಅವರ ಮುಂದೆ ಇಟ್ಲು. ಡಾಕ್ಟ್ರು ಮುಚ್ಚಳ ತೆಗೆದು ಮೂಸಿ ನೋಡಿದ್ರು. "ಇದರಿಂದಲೇ ಅಂತ ಹೇಳೋಕಾಗಲ್ಲ, ಇದರಿಂದಲ್ಲ ಅಂತಲೂ ಹೇಳೋಕಾಗಲ್ಲ" ಅಂದ್ರು. ನೀನು ಇದ್ದದ್ದು ಇದ್ದಂಗೆ ಬರಿ ಅಂದೆ. ಇದ್ದದ್ದು ಇಷ್ಟೇ.

ಆಮೇಲೆ ಬಂದ ಡಬ್ಬೀನ ನಾನು ತೆಗೆದಿಲ್ಲ. ಬಿಸಾಕೋಕೂ ಕೈ ಬರ್ಲಿಲ್ಲ, ಗ್ಯಾರೇಜಲ್ಲಿದೆ. ಕುಡೀತಿದ್ದೀನಿ ಅಂತ ಬರೆದೆನಲ್ಲ, ಅದೇ ನನ್ನ ತಿಂತಾ ಇತ್ತು. ನಿನ್ನ ಆಣೆ ಮುರಿದುಬಿಟ್ಟೆ, ನಿಂಗೇನಾದ್ರೂ ಆದ್ರೆ, ಇರೋ ಒಂದು ಕಿಡ್ನೀಗೆ ಏನಾದ್ರೂ ಆದ್ರೆ ಅಂತ ದಿನಾ ಹೆದರಿಕೊಂಡು ಏಳ್ತೀನಿ. ಹಬ್ಬಕ್ಕೆ ಬರದೇ ಇದ್ದಿದ್ದೂ ಡಯಾಲಿಸಿಸ್ ಒಂದಕ್ಕೇ ಅಲ್ಲ. ನಾನು ನೆಟ್ಟಗೆ ನಡೆಯೋದನ್ನ ಅವರೆಲ್ಲ ನೋಡ್ಬೇಕು ಅಂತ ಬರೆದಿದ್ದೆ ನೀನು. ಯಾವ ಮುಖ ಇಟ್ಕೊಂಡು ಬರ್ಲಿ?

ಇನ್ನೊಂದು ಮಾತು ಬಚ್ಚಿಟ್ಟಿದ್ದೆ. ಇನ್ನೊಬ್ಬರ ಕಿಡ್ನಿಗೆ ಹೆಸರು ಬರೆಸೋಣ ಅಂತ ಹೋದಾಗ ರಕ್ತ ಪರೀಕ್ಷೆ ಮಾಡಿದ್ರು. ನನ್ನ ಮೈ ನಿನ್ನ ಗುರುತಿಗೆ ಅಂತಾನೇ ಆಯುಧ ಮಾಡಿ ಇಟ್ಕೊಂಡಿದೆಯಂತೆ. ನಿನ್ನ ಹಾಗೆ ಗುರುತಿರೋ ಕಿಡ್ನಿ ಯಾರದ್ದೇ ಬಂದ್ರೂ ಹೊಡೆಯುತ್ತಂತೆ. ಅಂಥವೇ ಜಾಸ್ತಿ, ನಂಗೆ ಹೊಂದೋದು ಸಿಗೋದು ಇನ್ನು ಕಷ್ಟ ಅಂದ್ರು. ನಿಮ್ಮ ಶೃತಿ ನರ್ಸು ಹೇಳಿದ್ದೇ ಸರಿ. ಮೈ ಮರೆಯಲ್ಲ. ನೀನು ಕೇಳಿದ್ದೆಯಲ್ಲ, ನನ್ನ ಮುಖ ನೋಡಿಲ್ವಾ ಅಂತ. ಈಗ ನೋಡಿದೆ ಅಕ್ಕಾ. ನಾನು ಇರೋವರೆಗೂ ಮರೆಯಲ್ವಂತೆ.

ಕಿಡ್ನಿ ತೆಗೆದಿಲ್ಲ. ಕೆಲ್ಸ ಮಾಡಲ್ಲ, ಒಳಗೇ ಇದೆ.

ನೀನು ಬಾಗಿನ ವಾಪಸ್ ಕಳಿಸಿದ್ದಕ್ಕೆ ನಂಗೆ ಕೋಪ ಇಲ್ಲ. ಸೌದೆ ಕೋಣೇಲಿ ಬೇಯಿಸ್ಕೊಂಡು ತಿಂತಿದ್ದೀಯ ಅಂತ ಓದಿದ ಮೇಲೆ ನಂಗೆ ಅನ್ನ ಇಳಿಯಲ್ಲ.

ಶಶಿ


ಹಾರನಹಳ್ಳಿ
10 ಡಿಸೆಂಬರ್ 2024

ಶಶಿ,

ಕಾಗದ ಬಂತು. ಅಂಗನವಾಡಿ ಹಿಂದೆ ಕೂತು ಓದ್ದೆ. ಮಕ್ಕಳು ಎದ್ದು ಅಳ್ತಾ ಇದ್ವು, ನಾನು ಮೊದಲಿಂದ ಇನ್ನೊಂದ್ಸಲ ಓದ್ದೆ.

ಹೇಳೋಕಾಗಲ್ಲ ಅಂದ್ರಂತಲ್ಲ ನಿಮ್ಮ ಡಾಕ್ಟ್ರು. ಅವರಿಗೆ ಆಗ್ದೇ ಇರ್ಬಹುದು, ನಂಗೆ ಆಗ್ತದೆ. ಕೊಟ್ಟೋಳೂ ನಾನೇ, ಕಿತ್ಕೊಂಡೋಳೂ ನಾನೇ. ಹಠ ಮಾಡಿ, ಆಣೆ ಇಟ್ಟು, ಡಬ್ಬಿ ಮೇಲೆ ಡಬ್ಬಿ ಕಳ್ಸಿದೆ. ಇನ್ನು ಈ ಬಾಯಲ್ಲಿ ಆಣೆ ಅನ್ನೋ ಮಾತು ಬರಲ್ಲ. ನೀನು ಮುರಿದ ಆಣೆ ನಂಗೆ ತಟ್ಟಲ್ಲ ಕಣೋ, ತಟ್ಟಿದ್ರೂ ತಟ್ಲಿ.

ಕೊಯ್ಯೋ ಮಚ್ಚು ತಗೊಂಡು ಬೇಲಿ ಮೇಲಿನ ಬಳ್ಳೀನೆಲ್ಲ ಬುಡಕ್ಕೆ ಕಡಿದಾಕಿದೆ. ಬೇರೂ ಅಗೆದು ತೆಗೆದೆ. ಹುಚ್ಚು ಹಿಡಿದದಾ ಸಣ್ಣತಾಯಿ ಅಂತ ಚಾಮಯ್ಯ ಕೇಳಿದ್ರು. ಬೇಲೀಲಿ ಸಿಕ್ಕಾಕೊಂಡಿದ್ದ ಎರಡು ತುಂಡು ಅಂಗೇ ಉಳಿದಿದ್ವು. ಇವತ್ತು ಬೆಳಿಗ್ಗೆ ನೋಡಿದ್ರೆ ಮಣ್ಣಿಲ್ಲ ನೀರಿಲ್ಲ, ಎಲೆ ಬಿಟ್ಕೊಂಡು ನೇತಾಡ್ತಾ ಅವೆ. ಅದಕ್ಕೆ ಸಾವೇ ಇಲ್ಲ ಕಣೋ.

ಶುಕ್ರವಾರ ಹುಣಸೂರು ಆಸ್ಪತ್ರೆಗೆ ಬತ್ತೀನಿ. ನಿಮ್ಮ ಬಾವನಿಗೆ ಹೇಳ್ದೆ. ಓದ್ರೆ ವಾಪಸ್ ಬರ್ಬೇಡ ಅಂದ್ರು. ಸರಿ ಅಂದೆ. ನಿನ್ನ ಮೈಗೆ ನಾನು ಆಗ್ದೇ ಇರ್ಬಹುದು, ಮಂಚದ ಪಕ್ಕ ಕೂತ್ಕೊಳ್ಳೋಕೆ ಅದರ ಅಪ್ಪಣೆ ಬೇಕಿಲ್ಲ. ತಿನ್ನೋಕೆ ಏನೂ ತರಲ್ಲ. ಬರಿಗೈಲಿ ಬತ್ತೀನಿ.

ಪವಿತ್ರಾಗೆ ಹೇಳು, ನಾನು ಅವಳ ಬಗ್ಗೆ ಆಡಿದ ಮಾತೆಲ್ಲ ತಪ್ಪು ಅಂತ.

ನಾನು ವಾಪಸ್ ಕಳ್ಸಿದ ಬಾಗಿನ ಅವಳು ಇನ್ನೂ ಎಸೆದಿಲ್ಲ ಅಂದ್ರೆ ಶುಕ್ರವಾರ ತಗೊಂಡು ಬಾ. ಕಾಯಿ ಕೊಳೆತಿದ್ರೂ ಪರವಾಗಿಲ್ಲ, ಅಕ್ಕಿಗೆ ಹುಳ ಬಿದ್ದಿದ್ರೂ ಪರವಾಗಿಲ್ಲ. ನಿನ್ನ ಕೈಯಿಂದಾನೇ ಕೊಡು. ನಂಗದು ಬೇಕು.

ಅಕ್ಕ